ಏಳನೇ ಅಡ್ಡರಸ್ತೆಯ ನಡುವೆ ಎಳೆದ ಗೆರೆ

ಸಂಚಾಲಕಿ (ಸೋಮವಾರ, ರಾತ್ರಿ 8.10)
ಎಲ್ಲರಿಗೂ ನಮಸ್ಕಾರ. ಶಾಲಾ ವ್ಯಾಪ್ತಿಯ ಕರಡು ನಕ್ಷೆ ಇಂದು ಹೊರಬಿದ್ದಿದೆ. ಮೇಲೆ ಹಾಕಿದ್ದೇನೆ, ಹಿಗ್ಗಿಸಿ ನೋಡಿ. ಇದುವರೆಗೆ ನಮ್ಮ ಬಡಾವಣೆ ಪೂರ್ತಿ ಹಳೆಯ ಸರ್ಕಾರಿ ಶಾಲೆಗೆ ಸೇರಿತ್ತು. ಈಗ ಕೆಂಪು ಗೆರೆ ಏಳನೇ ಅಡ್ಡರಸ್ತೆಯ ನಟ್ಟನಡುವೆ ಹಾದುಹೋಗಿದೆ. ಬೆಸ ಸಂಖ್ಯೆಯ ಮನೆಗಳು ಹಳೆಯ ಶಾಲೆಗೆ, ಸಮ ಸಂಖ್ಯೆಯವು ರೈಲು ಹಳಿಯಾಚೆಯ ಹೊಸ ಶಾಲೆಗೆ. ಮುಂದಿನ ಬುಧವಾರ ಸಂಜೆ ಬಹಿರಂಗ ಸಭೆ, ಮಾತನಾಡುವವರಿಗೆ ತಲಾ ಮೂರು ನಿಮಿಷ. ಲಿಖಿತ ಆಕ್ಷೇಪಣೆಗೆ ಅದರ ಮರುದಿನವೇ ಗಡುವು. ಯಾರಿಗೆ ಏನನ್ನಿಸುತ್ತದೆಯೋ ಇಲ್ಲೇ ಬರೆಯಿರಿ. ಶುಭೋದಯದ ಚಿತ್ರಗಳನ್ನು ಈ ಹತ್ತು ದಿನ ದಯವಿಟ್ಟು ಬೇರೆ ಕಡೆ ಕಳಿಸಿ.

ಮನೆ 18
ನಾವು ಈ ಮನೆ ಕೊಂಡದ್ದೇ ಆ ಶಾಲೆಗಾಗಿ. ಸಾಲದ ಕಂತು ಇನ್ನೂ ಹದಿನಾರು ವರ್ಷ ಬಾಕಿ ಇದೆ. ನನ್ನ ಮಗಳೂ ಎದುರು ಮನೆಯ ಹುಡುಗಿಯೂ ಒಂದನೇ ತರಗತಿಯಿಂದ ಜೊತೆಯಾಗಿ ಹೋಗುತ್ತಿದ್ದಾರೆ. ಇನ್ನು ಬೆಳಿಗ್ಗೆ ಗೇಟಿನಿಂದ ಹೊರಬಂದು ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ತಿರುಗಬೇಕೇ? ಹಳಿ ದಾಟುವ ಅಪಾಯ ಬೇರೆ. ಗೆರೆ ಎಳೆದವರು ಈ ರಸ್ತೆಯನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿದ್ದಾರೆಯೇ? ಎಲ್ಲರೂ ಸಹಿ ಹಾಕೋಣ. ಒಂದೇ ಮಾತು: ನಮ್ಮನ್ನು ಮುಟ್ಟಬೇಡಿ.

ಮನೆ 17
ನಮ್ಮದು ಬೆಸ ಸಂಖ್ಯೆ. ಆದರೂ ಸಹಿ ಹಾಕುತ್ತೇನೆ. ಮಗಳು ಸಂಜೆಯಿಂದ ಮುಖ ಊದಿಸಿಕೊಂಡು ಕುಳಿತಿದ್ದಾಳೆ.

ನಿವೃತ್ತ ಮೇಷ್ಟರು, ಮನೆ 5
ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ. ಹೋದ ತಿಂಗಳು ಹಳೆಯ ಶಾಲೆಗೆ ಹೋಗಿದ್ದೆ. ಗ್ರಂಥಾಲಯದ ಬಾಗಿಲ ಮೇಲೆ ‘4ನೇ ತರಗತಿ, ಸಿ ವಿಭಾಗ’ ಎಂದು ಸೀಮೆಸುಣ್ಣದಲ್ಲಿ ಬರೆದಿದೆ. ಪುಸ್ತಕಗಳೆಲ್ಲ ಮೆಟ್ಟಿಲ ಕೆಳಗಿನ ಬೀರುವಿಗೆ ಹೋಗಿವೆ, ಬೀರುವಿನ ಮುಂದೆ ಮುರಿದ ಬೆಂಚುಗಳ ರಾಶಿ, ಬೀಗದ ಕೈ ಎಲ್ಲಿದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಶೌಚಾಲಯದ ಮುಂದೆ ಹುಡುಗಿಯರ ಸಾಲು ಮೊಗಸಾಲೆಯ ತಿರುವಿನವರೆಗೆ. ಬಿಡುವಿನ ಗಂಟೆ ಹೊಡೆದು, ಮತ್ತೆ ಒಳಗೆ ಬರುವ ಗಂಟೆಯೂ ಹೊಡೆಯಿತು. ಸಾಲು ಅರ್ಧವೂ ಕರಗಿರಲಿಲ್ಲ.

ಆ ಶಾಲೆಯಿಂದ ಕೆಲವು ಮಕ್ಕಳನ್ನು ಕಳಿಸಲೇಬೇಕು, ಬೇರೆ ದಾರಿಯಿಲ್ಲ. ಹಾಗಿರುವಾಗ ‘ನಮ್ಮನ್ನು ಮುಟ್ಟಬೇಡಿ’ ಎಂದರೆ ‘ಒಂಬತ್ತನೇ ಅಡ್ಡರಸ್ತೆಯವರನ್ನು ಮುಟ್ಟಿ’ ಎಂದು ಹೇಳಿದಂತೆಯೇ. ಅವರ ಗುಂಪಿನಲ್ಲಿಯೂ ಈ ಹೊತ್ತಿಗೆ ಇದೇ ಸಹಿ ಸಂಗ್ರಹ ನಡೆದಿರುತ್ತದೆ, ನಮ್ಮ ಹೆಸರು ಹಿಡಿದು.

ಮನೆ 31
ಎಲ್ಲರೂ ಮಕ್ಕಳ ಸ್ನೇಹದ ಬಗ್ಗೆ ಬರೆಯುತ್ತಿದ್ದೀರಿ. ಮನೆಯ ಬೆಲೆ ಬೀಳುತ್ತದೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಗೆರೆ ಒಂಬತ್ತನೇ ಅಡ್ಡರಸ್ತೆಯ ಮೇಲೆ ಹೋದರೆ ಹೋಗಲಿ. ನನ್ನ ಮನೆ ಬೆಸ, ನನಗೇನೂ ನಷ್ಟವಿಲ್ಲ, ಆದರೂ ಹೇಳುತ್ತಿದ್ದೇನೆ.

ಮನೆ 22, ಮಹಡಿ ಮೇಲಿನ ಬಾಡಿಗೆದಾರ
ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು, ಹಾಗಾಗಿ ಬಾಯಿ ತುರಿಸುತ್ತಿದೆ. ಗೆರೆಗೆ ಬೆಲೆ ಇರುವುದು ನಿಜ. ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ ಅಮೆರಿಕದ ಬಾಸ್ಟನ್ ಹೊರವಲಯದಲ್ಲಿ ವ್ಯಾಪ್ತಿಯ ಗೆರೆಯ ಈಚೆ ಆಚೆ ಇದ್ದ ಮನೆಗಳನ್ನಷ್ಟೇ ಹೋಲಿಸಿ ನೋಡಿದರು. ಅದೇ ನೆರೆಹೊರೆ, ಬೇರೆ ಶಾಲೆ. 1999ರಲ್ಲಿ ಪ್ರಕಟವಾದ ಲೆಕ್ಕ ಇದು: ಪರೀಕ್ಷೆಯ ಅಂಕ ಶೇ 5ರಷ್ಟು ಹೆಚ್ಚಿದ್ದ ಶಾಲೆಗಾಗಿ ಜನ ಮನೆಗೆ ಶೇ 2.5ರಷ್ಟು ಹೆಚ್ಚು ಕೊಡುತ್ತಿದ್ದರು. ಚೀನಾದಲ್ಲಿ ಇದು ಎಲ್ಲಿಗೆ ಮುಟ್ಟಿತೆಂದರೆ, ಬೀಜಿಂಗ್‌ನ ಶೀಚೆಂಗ್ ಜಿಲ್ಲೆಯಲ್ಲಿ 2020ರ ಜುಲೈ ನಂತರ ಮನೆ ಕೊಂಡವರಿಗೆ ‘ಈ ಮನೆಗೆ ಈ ಶಾಲೆ’ ಎಂಬ ಖಾತರಿಯನ್ನೇ ತೆಗೆದುಹಾಕಿದರು. ಒಂದು ಮನೆಗೆ ಹಲವು ಶಾಲೆ, ಯಾವುದು ಸಿಗುತ್ತದೆಯೋ ಅದು.

ಆದರೆ ಮನೆ 31ರವರೇ, ಬುಧವಾರದ ಸಭೆಯಲ್ಲಿ ಈ ಮಾತೆತ್ತಿದರೆ ನಾವು ಅಲ್ಲಿಯೇ ಸೋತೆವು. ನಿಮ್ಮ ಮನೆಯ ಬೆಲೆ ಕಾಯುವುದು ಶಾಲಾ ಮಂಡಳಿಯ ಕೆಲಸವಲ್ಲ. ನನ್ನಂಥ ಬಾಡಿಗೆದಾರನಿಗೆ ಇನ್ನೊಂದು ತಮಾಷೆಯೂ ಕಾಣುತ್ತದೆ: ಗೆರೆಯ ಒಳಗಿದ್ದೇವೆಂದು ಇಷ್ಟು ವರ್ಷ ನನ್ನಿಂದ ಹೆಚ್ಚು ಬಾಡಿಗೆ ಪಡೆದ ಮಾಲೀಕರು, ಗೆರೆ ಆಚೆ ಹೋದರೆ ಇಳಿಸುತ್ತಾರೆಯೇ?

ಸಂಚಾಲಕಿ (ಮಂಗಳವಾರ, ಬೆಳಿಗ್ಗೆ 6.40)
ರಾತ್ರಿ ಹನ್ನೊಂದಕ್ಕೆ ಮನೆ 31ರಿಂದ ಬಂದ ಇನ್ನೊಂದು ಸಂದೇಶವನ್ನು ಅಳಿಸಿದ್ದೇನೆ. ಹಳಿಯಾಚೆಯ ಮಕ್ಕಳ ಬಗ್ಗೆ ಅಂಥ ಮಾತು ಈ ಗುಂಪಿನಲ್ಲಿ ಬೇಡ.

ಮನೆ 9
ಅಳಿಸುವ ಮುಂಚೆಯೇ ಓದಿದೆ. ಮೂರು ವರ್ಷದಿಂದ ಈ ಗುಂಪಿನಲ್ಲಿದ್ದರೂ ನೀರು ಬಂದಿಲ್ಲ, ವಿದ್ಯುತ್ ಹೋಗಿದೆ ಎನ್ನುವುದರ ಹೊರತು ಏನನ್ನೂ ಬರೆದವಳಲ್ಲ. ಇಂದು ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ‘ಆ ಕಡೆ’. ಅಲ್ಲಿ ಹೊಸ ಶಾಲೆ ಆಗುವವರೆಗೆ ನಾವೆಲ್ಲ ಇಲ್ಲಿಯ ಹಳೆಯ ಶಾಲೆಗೇ ಬರುತ್ತಿದ್ದೆವು, ನಡೆದು, ಅದೇ ಹಳಿ ದಾಟಿ. ಗೇಟು ಬಿದ್ದಾಗ ಕಂಬಿಯ ಕೆಳಗೆ ನುಸುಳಿ ಓಡುವುದನ್ನು ದೊಡ್ಡ ಹುಡುಗಿಯರು ಕಲಿಸಿಕೊಟ್ಟಿದ್ದರು: ಮೊದಲು ಚೀಲ ಎಸೆ, ಆಮೇಲೆ ನೀನು ನುಸುಳು. ತಡವಾದರೆ ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ನಿಲ್ಲಿಸುತ್ತಿದ್ದರು. ಹೊರಗೆ ನಿಂತವರಲ್ಲಿ ಹೆಚ್ಚಿನವರು ಯಾವ ಕಡೆಯವರಾಗಿದ್ದರು ಎಂದು ನಾನು ಹೇಳಬೇಕಿಲ್ಲ.

ಈಗ ನಿಮ್ಮ ಮಕ್ಕಳು ಹಳಿ ದಾಟುವುದು ಅಪಾಯ ಎನ್ನುತ್ತೀರಿ. ಅಪಾಯವೇ, ನಾನು ಒಪ್ಪುತ್ತೇನೆ. ನಾವು ದಾಟುತ್ತಿದ್ದಾಗ ಮಾತ್ರ ಈ ಬಡಾವಣೆಯಲ್ಲಿ ಯಾರೂ ಸಹಿ ಸಂಗ್ರಹಿಸಲಿಲ್ಲ.

ಮನೆ 17
ಇದು ನಮಗೆ ತಿಳಿದಿರಲಿಲ್ಲ ಅಕ್ಕ. ತಪ್ಪಾಯಿತು.

ಮನೆ 26, ವಕೀಲೆ
ಮನೆ 9ರವರು ಹೇಳಿದ್ದು ಇಂಥ ಗೆರೆಗಳ ಹಳೆಯ ಕಥೆಯೇ. ಅಮೆರಿಕದ ಸುಪ್ರೀಂ ಕೋರ್ಟ್ ಕರಿಯ ಬಿಳಿಯ ಮಕ್ಕಳಿಗೆ ಪ್ರತ್ಯೇಕ ಶಾಲೆ ಕೂಡದು ಎಂದು 1954ರಲ್ಲಿ ಹೇಳಿತು. ಆದರೆ ವಸತಿಯೇ ಬೇರೆ ಬೇರೆ ಇದ್ದಾಗ, ‘ಹತ್ತಿರದ ಶಾಲೆ’ ಎಂಬ ನಿರುಪದ್ರವಿ ನಿಯಮವೇ ಹಳೆಯ ಬೇಲಿಯ ಕೆಲಸ ಮಾಡುತ್ತದೆ. ಹಾಗಾಗಿ 1971ರಲ್ಲಿ, ಷಾರ್ಲಟ್ ನಗರದ ಪ್ರಕರಣದಲ್ಲಿ, ವ್ಯಾಪ್ತಿಯ ಗೆರೆಗಳನ್ನೇ ತಿದ್ದಿ ಬರೆಯಲು, ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗೆ ಕರೆದೊಯ್ಯಲು ಅದೇ ಕೋರ್ಟ್ ಒಪ್ಪಿತು. ಮೂರೇ ವರ್ಷದಲ್ಲಿ, 1974ರ ಡೆಟ್ರಾಯಿಟ್ ಪ್ರಕರಣದಲ್ಲಿ, 5–4 ಮತಗಳಿಂದ ಕೈ ಹಿಂದೆಗೆಯಿತು: ಹೊರವಲಯದ ಜಿಲ್ಲೆಗಳು ತಪ್ಪು ಮಾಡಿದ್ದು ಸಾಬೀತಾಗದೆ ಅವುಗಳನ್ನು ಇದರಲ್ಲಿ ಎಳೆಯುವಂತಿಲ್ಲ ಎಂದಿತು. ಅಂದರೆ ನಗರದ ಗಡಿ ದಾಟಿ ಮನೆ ಮಾಡಿದವರು ಪಾರಾದರು.

ನಮ್ಮ ನಕ್ಷೆ ಕೆಟ್ಟ ಉದ್ದೇಶದ್ದು ಎಂದು ನಾನು ಹೇಳುತ್ತಿಲ್ಲ. ಖಾಲಿ ಕೊಠಡಿ ಎಲ್ಲಿದೆಯೋ ಅಲ್ಲಿಗೆ ಮಕ್ಕಳನ್ನು ತಳ್ಳಿದ್ದಾರೆ, ಅಷ್ಟೇ. ಆದರೆ ನಾವು ಬರೆಯುವ ಆಕ್ಷೇಪಣೆ ಮಾತ್ರ ಯಾವ ಉದ್ದೇಶದ್ದು ಎಂದು ಓದುವವರಿಗೆ ಕ್ಷಣದಲ್ಲಿ ತಿಳಿಯುತ್ತದೆ.

ಮನೆ 18
ನನ್ನ ಎಂಟು ವರ್ಷದ ಮಗಳ ವಿಷಯಕ್ಕೆ ಅಮೆರಿಕದ ಸುಪ್ರೀಂ ಕೋರ್ಟನ್ನು ಏಕೆ ಕರೆತಂದಿರಿ ಮೇಡಂ? ಬುಧವಾರ ಮೂರು ನಿಮಿಷದಲ್ಲಿ ಏನು ಹೇಳುವುದು, ಅದನ್ನು ಹೇಳಿ.

ಮನೆ 26, ವಕೀಲೆ
ಸರಿ, ಒಪ್ಪಿದೆ. 1954ನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ಮನೆ 14
ಲಾಟರಿ ಎತ್ತಿದರೆ ಆಗದೇ? ಜಗಳವೇ ಇಲ್ಲ.

ನಿವೃತ್ತ ಮೇಷ್ಟರು, ಮನೆ 5
ಇಂಗ್ಲೆಂಡಿನ ಬ್ರೈಟನ್‌ನಲ್ಲಿ 2008ರ ಪ್ರವೇಶದಿಂದ ಹಾಗೆಯೇ ಮಾಡಿದರು. ಶಾಲೆಗೆ ಯಾರ ಮನೆ ಹತ್ತಿರ ಎಂದು ಅಳೆಯುವುದನ್ನು ಬಿಟ್ಟು, ವ್ಯಾಪ್ತಿಯ ಒಳಗಿನವರಲ್ಲಿ ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುವ ಕ್ರಮ. ಜಗಳ ಮಾತ್ರ ನಿಲ್ಲಲಿಲ್ಲ, ವ್ಯಾಪ್ತಿಯ ಗೆರೆ ಎಲ್ಲಿ ಎಂಬ ಕಡೆಗೆ ತಿರುಗಿತು. ಚೀಟಿ ಎತ್ತಬೇಕಾದರೂ ಮೊದಲು ಗೆರೆ ಬೇಕಲ್ಲ.

ಮನೆ 40, ಭೂಮಾಪಕ (ಗುರುವಾರ, ರಾತ್ರಿ 9.30)
ಇಷ್ಟು ಹೊತ್ತು ಓದುತ್ತಿದ್ದೆ, ಇನ್ನು ನನ್ನ ಸರದಿ. ಮೂವತ್ತು ವರ್ಷ ನೆಲ ಅಳೆದವನಿಗೆ ನಕ್ಷೆಯ ಮೇಲೆ ಕೂದಲಿನಷ್ಟೂ ನಂಬಿಕೆಯಿಲ್ಲ.

ಮಂಡಳಿಯ ಟಿಪ್ಪಣಿಯಲ್ಲಿ ನಮ್ಮ ರಸ್ತೆಯಿಂದ ಹೊಸ ಶಾಲೆಗೆ 900 ಮೀಟರ್ ಎಂದಿದೆ. ಅದು ಕಾಗೆ ಹಾರುವ ದೂರ. ಇಂದು ಬೆಳಿಗ್ಗೆ 7.50ಕ್ಕೆ ಅಳತೆ ಚಕ್ರ ಹಿಡಿದು, ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೊರಟೆ. ರಾಜಕಾಲುವೆಯ ಮೇಲೆ ನಮ್ಮ ಕಡೆ ಸೇತುವೆ ಇಲ್ಲ, ಮುಖ್ಯರಸ್ತೆಯವರೆಗೆ ಹೋಗಿ ತಿರುಗಬೇಕು. ಅಲ್ಲಿಂದ ಲೆವೆಲ್ ಕ್ರಾಸಿಂಗ್. ಗೇಟು ಬಿದ್ದಿತ್ತು. ಒಂದು ಗೂಡ್ಸ್ ಗಾಡಿ, ಅದರ ಬೆನ್ನಿಗೇ ಇನ್ನೊಂದು. ಆರು ನಿಮಿಷ ನಿಂತೆವು. ಅಷ್ಟರಲ್ಲಿ ಕಂಬಿಯ ಕೆಳಗೆ ಏಳು ಮಕ್ಕಳು, ಹಾಲಿನ ಕ್ಯಾನ್ ಹಿಡಿದ ಒಬ್ಬರು ದೊಡ್ಡವರು ನುಸುಳಿ ಹೋದರು. ಮಕ್ಕಳಲ್ಲಿ ಐವರು ಮೊದಲು ಚೀಲ ಎಸೆದರು. ಮನೆ 9ರವರೇ, ನಿಮ್ಮ ಪಾಠ ಇನ್ನೂ ನಡೆಯುತ್ತಿದೆ.

ಶಾಲೆಯ ಗೇಟಿನಲ್ಲಿ ಚಕ್ರ ತೋರಿಸಿದ್ದು 1,640 ಮೀಟರ್. ಗಡಿಯಾರ 8.26. ಮೊಮ್ಮಗ ಎರಡು ಸಲ ಬೂಟಿನ ದಾರ ಕಟ್ಟಿಕೊಂಡ, ಅದನ್ನೂ ಸೇರಿಸಿದ್ದೇನೆ. ಮಕ್ಕಳೆಂದರೆ ಬೂಟಿನ ದಾರ ಬಿಚ್ಚಿಯೇ ಬಿಚ್ಚುತ್ತದೆ.

ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ ರೂಪಿಸಿದ ನಿಯಮಗಳಲ್ಲಿ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಎಂದಿದೆ. ಅಲ್ಲಿರುವ ಶಬ್ದ ‘ನಡಿಗೆಯ ದೂರ’. ದಾರಿಯಲ್ಲಿ ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು ಮುಂತಾದ ಅಪಾಯಗಳಿದ್ದರೆ ಅವುಗಳನ್ನು ತಪ್ಪಿಸುವಂತೆ ಶಾಲೆ ಇರಬೇಕು ಎಂದೂ ಸೇರಿಸಿದ್ದಾರೆ. ನಡೆಯುವ ದೂರವನ್ನು ನಡೆದೇ ಅಳೆಯಬೇಕು ಎನ್ನುವಷ್ಟು ಬುದ್ಧಿ ಆ ನಿಯಮ ಬರೆದವರಿಗಿತ್ತು.

ಮನೆ 18
ಸರ್, ಇದನ್ನು ನೀವೇ ಸಭೆಯಲ್ಲಿ ಹೇಳಬೇಕು.

ಮನೆ 9
ಹೇಳುವಾಗ ‘ನಮ್ಮ ಮಕ್ಕಳನ್ನು ಕಳಿಸಬೇಡಿ’ ಎಂದು ಮುಗಿಸಿದರೆ ನಾನು ಬರುವುದಿಲ್ಲ. ‘ಅಲ್ಲಿ ಮೇಲ್ಸೇತುವೆ ಕಟ್ಟಿ’ ಎಂದರೆ ಬರುತ್ತೇನೆ, ಆ ಕಡೆಯಿಂದ ಐವತ್ತು ಜನರನ್ನೂ ಕರೆತರುತ್ತೇನೆ. ಆಟದ ಮೈದಾನ, ಸಂತೆ, ಆಸ್ಪತ್ರೆ ಎಂದು ಅವರು ಇಂದಿಗೂ ದಿನಕ್ಕೆರಡು ಬಾರಿ ದಾಟುತ್ತಾರೆ.

ಮನೆ 12
ನನ್ನ ಕಷ್ಟ ಬೇರೆ. ರಾತ್ರಿ ಪಾಳಿ ಮುಗಿಸಿ ನಾನು ಬಸ್ಸಿನಿಂದ ಇಳಿಯುವುದು ಬೆಳಿಗ್ಗೆ 7.45ಕ್ಕೆ. ಮಗ ಹಳೆಯ ಶಾಲೆಯಲ್ಲಿ ಕೊನೆಯ ವರ್ಷಕ್ಕೆ ಬರುತ್ತಾನೆ, ಅವನನ್ನು ಅಲ್ಲೇ ಉಳಿಸುತ್ತಾರಂತೆ, ಒಳ್ಳೆಯದು. ಆದರೆ ಮಗಳು ಒಂದನೇ ತರಗತಿಗೆ ಹೊಸ ಶಾಲೆಗೆ ಹೋಗಬೇಕು. ಎರಡೂ ಗೇಟು 8.30ಕ್ಕೇ ಮುಚ್ಚುತ್ತವೆ. ನಾನಿರುವುದು ಒಬ್ಬಳೇ. ಇದನ್ನು ಯಾರಾದರೂ ಬರೆದುಕೊಳ್ಳಿ.

ಸಂಚಾಲಕಿ (ಶನಿವಾರ, ಸಂಜೆ 6.05)
ಇಂದು ನಮ್ಮ ಮನೆಯಂಗಳದಲ್ಲಿ ಸೇರಿದ್ದವರು ಮೂವತ್ತನಾಲ್ಕು ಮಂದಿ. ಕೂಗಾಟವೂ ಆಯಿತು, ಮುಚ್ಚಿಡುವುದೇನಿಲ್ಲ. ಕೊನೆಗೆ 23–11ರಲ್ಲಿ ಒಪ್ಪಿದ್ದು ಇದು.

ಗೆರೆ ಯಾವ ರಸ್ತೆಯ ನಡುವೆಯೂ ಬೇಡ, ಬೆಸ ಸಂಖ್ಯೆಯ ಮನೆಗಳ ಹಿತ್ತಿಲ ಗುಂಟ ಹೋಗಲಿ. ಹಾಗೆ ಮಾಡಿದರೆ ನಮ್ಮ ರಸ್ತೆ ಎರಡೂ ಬದಿ ಹೊಸ ಶಾಲೆಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದೇ ಕೈ ಎತ್ತಿದ್ದು. ಎದುರುಬದುರಿನ ಹುಡುಗಿಯರು ಒಟ್ಟಿಗೆ ಇರುತ್ತಾರೆ. ಮೇಲ್ಸೇತುವೆ ಮುಗಿಯುವವರೆಗೆ ಶಾಲಾ ಬಸ್ ಬಿಡಬೇಕು, ಹಳಿಯ ಎರಡೂ ಕಡೆಯ ಮಕ್ಕಳಿಗೆ. ಮೊದಲ ವರ್ಷ ಒಂದನೇ ತರಗತಿಯವರನ್ನು ಮಾತ್ರ ಹೊಸ ಶಾಲೆಗೆ ಸೇರಿಸಿ, ಉಳಿದವರು ಈಗಿರುವಲ್ಲೇ ಓದು ಮುಗಿಸಲಿ. ಅಣ್ಣನೋ ಅಕ್ಕನೋ ಹಳೆಯ ಶಾಲೆಯಲ್ಲಿದ್ದರೆ ಚಿಕ್ಕವರಿಗೂ ಅಲ್ಲೇ ಜಾಗ ಕೊಡಲಿ. ಇದರಿಂದ ಹಳೆಯ ಶಾಲೆ ಹಗುರಾಗಲು ನಾಲ್ಕೈದು ವರ್ಷ ಹಿಡಿಯುತ್ತದೆ ಎಂದು ಮೇಷ್ಟರು ಗೊಣಗಿದರು. ಅದು ಸರಿಯಾದ ಗೊಣಗಾಟವೇ, ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೀರುವಿನ ಬೀಗದ ಕೈ ಹುಡುಕಿಸುವ ಬೇಡಿಕೆಯನ್ನೂ ಸೇರಿಸಿದ್ದೇವೆ.

ಒಂದೇ ಒಕ್ಕಣೆಯ ಪತ್ರಕ್ಕೆ ಎಲ್ಲರೂ ಸಹಿ ಹಾಕುವುದು ಬೇಡ. ನಿಮ್ಮ ಮನೆಯ ಬೆಳಗು ಹೇಗೆ ನಡೆಯುತ್ತದೆ ಎಂದು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಮನೆ 12ರವರ ನಾಲ್ಕು ಸಾಲು ಓದಿದ ಮೇಲೆ ನನಗೆ ಇದು ಹೊಳೆಯಿತು.

(ಮನೆ 31 ಗುಂಪನ್ನು ತೊರೆದಿದ್ದಾರೆ)

ಮನೆ 18
ನಾನು ಹನ್ನೊಂದರಲ್ಲಿ ಒಬ್ಬ. ಈಗಲೂ ನನಗೆ ಸಮಾಧಾನವಿಲ್ಲ. ಆದರೆ ಮಗಳಿಗೆ ಹೇಳಿದೆ, ಎದುರು ಮನೆಯವಳೂ ಜೊತೆಗೇ ಇರುತ್ತಾಳೆ ಎಂದು. ತರಗತಿಯಲ್ಲಿ ಕಿಟಕಿಯ ಪಕ್ಕ ಯಾರು ಎಂದು ಈಗಲೇ ಜಗಳ ಶುರುವಾಗಿದೆ.

ಮನೆ 40, ಭೂಮಾಪಕ
ಸೋಮವಾರ ಬೆಳಿಗ್ಗೆ 7.40ಕ್ಕೆ ಮೂಲೆಯ ಕಂಬದ ಬಳಿ ಎಲ್ಲರೂ ಸೇರಿ. ಶಾಲಾ ಮಂಡಳಿಯ ಇಬ್ಬರು ಸದಸ್ಯರು ನಮ್ಮೊಂದಿಗೆ ನಡೆಯಲು ಒಪ್ಪಿದ್ದಾರೆ. ಮಕ್ಕಳ ಚೀಲ ಪುಸ್ತಕ ತುಂಬಿಸಿಯೇ ತನ್ನಿ, ಖಾಲಿ ಚೀಲ ಹೊತ್ತರೆ ವೇಗದ ಲೆಕ್ಕ ತಪ್ಪುತ್ತದೆ. ಗೂಡ್ಸ್ ಗಾಡಿ 8.05ರ ಸುಮಾರಿಗೆ ಬರುತ್ತದೆ. ಅದು ತಪ್ಪದಂತೆ ಹೊರಡೋಣ.