ಬಟರ್‌ಫ್ರೂಟ್: ಒಂದು ಕಲ್ಲಿನ ಹಾಗೆ, ಒಂದು ಒಳಗೆ ಬೂದು ಬಣ್ಣ, ಜ್ಯೂಸ್ ಮಾಡಿದರೆ ಕಹಿ. ಎಲ್ಲಿ ತಪ್ಪುತ್ತಿದೆ?

ಮಿಕ್ಸಿಜಾರ್:
ಎಲ್ಲರಿಗೂ ನಮಸ್ಕಾರ. ಊರು ಬೆಂಗಳೂರು. ತಳ್ಳುಗಾಡಿಯಲ್ಲಿ ಕೊಡಗಿನದು ಅಂತ ಮಾರುತ್ತಿದ್ದ ಬಟರ್‌ಫ್ರೂಟ್ ಎರಡು ಕೆಜಿ ತಂದಿದ್ದು. ಹಸಿರು ಸಿಪ್ಪೆ, ಉದ್ದ ಕತ್ತಿನವು, ತಂದಾಗ ಎಲ್ಲವೂ ಗಟ್ಟಿ. ಕೆಡದಿರಲಿ ಅಂತ ಅರ್ಧ ನೇರ ಫ್ರಿಡ್ಜ್‌ಗೆ, ಇನ್ನರ್ಧ ಅಡುಗೆಮನೆ ಕಟ್ಟೆ ಮೇಲೆ. ಈಗ ಹೀಗಿದೆ:

1. ಫ್ರಿಡ್ಜ್‌ನಲ್ಲಿದ್ದವು ವಾರವಾದರೂ ಹಣ್ಣಾಗಲಿಲ್ಲ. ಹೊರಗೆ ತೆಗೆದಿಟ್ಟ ಮೇಲೆ ಅಲ್ಲಲ್ಲಿ ಮೆತ್ತಗಾದವು. ಕೊಯ್ದರೆ ತಿರುಳು ಬೂದು ಬಣ್ಣ, ಮಧ್ಯೆ ಕಂದು ಎಳೆಗಳು.
2. ಕಟ್ಟೆ ಮೇಲಿನವುಗಳಲ್ಲಿ ಎರಡು ಚೆನ್ನಾಗಿ ಹಣ್ಣಾದವು. ಎರಡಕ್ಕೆ ತೊಟ್ಟಿನಿಂದ ಕೆಳಕ್ಕೆ ಕಪ್ಪು ಇಳಿದಿದೆ. ಒಂದು ಹಣ್ಣಾಗುವ ಬದಲು ಸುಕ್ಕುಗಟ್ಟಿ ರಬ್ಬರಾಗಿದೆ.
3. ಗಟ್ಟಿ ಇದ್ದ ಒಂದನ್ನು ಮೈಕ್ರೋವೇವ್‌ನಲ್ಲಿ ಮೆತ್ತಗೆ ಮಾಡಿ ಜ್ಯೂಸ್‌ಗೆ ಹಾಕಿದೆ. ಬಾಯಿಗೆ ಇಡಲಾಗದಷ್ಟು ಕಹಿ.

ಇದು ಹಣ್ಣಿನ ದೋಷವೋ, ಇಟ್ಟ ರೀತಿಯ ದೋಷವೋ?

ತೋಟದಮನೆ:
ಎರಡೂ ಇದೆ. ಬೂದು ಬಣ್ಣ ಫ್ರಿಡ್ಜ್‌ನ ಕೆಲಸ, ರಬ್ಬರ್ ಆಗಿದ್ದು ಕಿತ್ತವರ ಕೆಲಸ, ಕಹಿ ಮೈಕ್ರೋವೇವ್‌ನದು. ಒಂದೊಂದಾಗಿ ಹೇಳ್ತೀನಿ.

ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆ, ಆದರೆ ಮರದಲ್ಲಿ ಹಣ್ಣಾಗುವುದಿಲ್ಲ. ಕಿತ್ತ ಮೇಲೆಯೇ ಎಥಿಲೀನ್ ಅನಿಲ ಬಿಟ್ಟುಕೊಂಡು ಮೆತ್ತಗಾಗಲು ಶುರುವಾಗುವುದು. ಹಾಗಾಗಿ ಅಂಗಡಿಯಲ್ಲಿ ಗಟ್ಟಿ ಕಾಯಿ ಸಿಕ್ಕುವುದು ತಪ್ಪೇನಲ್ಲ. ಅದು ಬಲಿತ ಕಾಯಿಯೋ ಎಳೆಗಾಯಿಯೋ ಅನ್ನುವುದಷ್ಟೇ ಪ್ರಶ್ನೆ. ಎಳೆಗಾಯಿಯನ್ನು ಎಷ್ಟು ದಿನ ಇಟ್ಟರೂ ಸುಕ್ಕಾಗುತ್ತದೆ, ಬಗ್ಗುತ್ತದೆ, ಹಣ್ಣಾಗುವುದಿಲ್ಲ. ಬಾಳೆಹಣ್ಣಿನ ಜೊತೆ ಇಟ್ಟರೂ ಅಷ್ಟೇ.

ಫ್ರಿಡ್ಜ್ ವಿಷಯ. ಮನೆ ಫ್ರಿಡ್ಜ್ ಒಳಗೆ 3ರಿಂದ 5 ಡಿಗ್ರಿ ಇರುತ್ತದೆ. ನಮ್ಮ ಕಡೆಯ ಹಸಿರು ಸಿಪ್ಪೆಯ ಕಾಯಿಗಳಲ್ಲಿ ಬಹಳಷ್ಟು ವೆಸ್ಟ್ ಇಂಡಿಯನ್ ಜಾತಿಯ ರಕ್ತದವು, ಬಿಸಿಪ್ರದೇಶದವು. ಇವಕ್ಕೆ ಹಣ್ಣಾಗುವ ಮೊದಲು 10 ಡಿಗ್ರಿಯೇ ಚಳಿ. ಚಳಿ ತಾಗಿದರೆ ತಿರುಳಿನ ಜೀವಕೋಶಗಳ ಪೊರೆ ಒಡೆದು, ಕೊಯ್ದ ಸೇಬು ಕಂದಾಗುತ್ತದಲ್ಲ, ಅದೇ ಕ್ರಿಯೆ ಸಿಪ್ಪೆಯೊಳಗೇ ನಡೆದುಬಿಡುತ್ತದೆ. ನಿಮ್ಮ ಬೂದು ತಿರುಳು, ಕಂದು ಎಳೆ ಎರಡೂ ಅದೇ. ಹೊರಗೆ ತೆಗೆದಿಟ್ಟರೆ ಸರಿಹೋಗುವ ದೋಷ ಅಲ್ಲ.

ಆದ್ದರಿಂದ ಕಾಯಿಗೆ ಫ್ರಿಡ್ಜ್ ಬೇಡ, ಹಣ್ಣಾದ ಮೇಲೆ ಬೇಕು. ಹಣ್ಣಾದದ್ದನ್ನು ಇಡಿಯಾಗಿ ಫ್ರಿಡ್ಜ್‌ನಲ್ಲಿಟ್ಟರೆ ಎರಡು ಮೂರು ದಿನ ಆರಾಮಾಗಿ ತಡೆಯುತ್ತದೆ.

ತೊಟ್ಟಿನಿಂದ ಇಳಿದ ಕಪ್ಪು ಶಿಲೀಂಧ್ರದ್ದು. ತೊಟ್ಟು ಕಿತ್ತುಬಂದ ಗಾಯದಿಂದ ಒಳಗೆ ಹೋಗಿ, ಹಣ್ಣು ಮೆತ್ತಗಾಗುವವರೆಗೆ ಸುಮ್ಮನಿದ್ದು ಆಮೇಲೆ ಹರಡುತ್ತದೆ. ಮಳೆಯಲ್ಲಿ ಒದ್ದೆಯಾಗಿದ್ದಾಗ ಕಿತ್ತ ಕಾಯಿಗಳಲ್ಲಿ ಜಾಸ್ತಿ. ನಮ್ಮ ಹಂಗಾಮು ಮಳೆಗಾಲದಲ್ಲೇ ಬರುವುದರಿಂದ ಇದು ತಪ್ಪದ ತಲೆನೋವು.

ಹಣ್ಣುಗಾಡಿ:
ಕೊಳ್ಳುವಾಗ ನೋಡಬೇಕಾದದ್ದು ನಾನು ಸೇರಿಸ್ತೀನಿ.

ಮೊದಲು ತೊಟ್ಟು. ಕಾಯಿಯ ಮೇಲೆ ಅಂಗಿ ಗುಂಡಿಯಷ್ಟು ತೊಟ್ಟು ಉಳಿದಿರಬೇಕು. ತೊಟ್ಟಿಲ್ಲದೆ ಗುಳಿ ಬಿದ್ದಿರುವುದು ಬೇಡ. ಇಂಟರ್ನೆಟ್‌ನಲ್ಲಿ ತೊಟ್ಟು ಕಿತ್ತು ಒಳಗಿನ ಬಣ್ಣ ನೋಡಿ ಅಂತ ಹೇಳಿಕೊಡುತ್ತಾರೆ, ದಯವಿಟ್ಟು ಗಾಡಿ ಮುಂದೆ ನಿಂತು ಅದನ್ನು ಮಾಡಬೇಡಿ. ನೀವು ಬಿಟ್ಟುಹೋದ ಆ ಕಾಯಿ ಮುಂದಿನವರ ಮನೆಯಲ್ಲಿ ತೊಟ್ಟಿನಿಂದಲೇ ಕೊಳೆಯುತ್ತದೆ.

ಒತ್ತಿ ನೋಡುವುದು ಹೆಬ್ಬೆರಳಿನಿಂದ ಅಲ್ಲ. ಇಡೀ ಹಣ್ಣನ್ನು ಅಂಗೈಯಲ್ಲಿಟ್ಟು ಐದೂ ಬೆರಳು ಸಮನಾಗಿ ಮುಚ್ಚಿ ಮೆಲ್ಲಗೆ ಹಿಡಿಯಿರಿ. ಹೆಬ್ಬೆರಳು ಒತ್ತಿದ ಜಾಗ ಎರಡು ದಿನಕ್ಕೆ ಒಳಗೆ ಕಪ್ಪು ಬೊಟ್ಟಾಗುತ್ತದೆ.

ಬಣ್ಣ ನಂಬಬೇಡಿ. ಹೊರದೇಶದಿಂದ ಬರುವ ಹಾಸ್ ತಳಿ, ಸಿಪ್ಪೆ ಒರಟು ಇರುತ್ತದಲ್ಲ ಅದು, ಹಣ್ಣಾಗುತ್ತಾ ಹಸಿರಿನಿಂದ ಕಪ್ಪು ನೇರಳೆಗೆ ತಿರುಗುತ್ತದೆ. ನಮ್ಮ ನುಣುಪು ಸಿಪ್ಪೆಯವುಗಳಲ್ಲಿ ಹೆಚ್ಚಿನವು ಕೊನೆಯವರೆಗೂ ಹಸಿರೇ. ಹಾಸ್‌ನ ಲೆಕ್ಕದಲ್ಲಿ ಕಪ್ಪಾಗಲಿ ಅಂತ ಕಾದರೆ ಕೊಳೆತದ್ದೇ ಸಿಗುವುದು.

ಬಲಿತಿದೆಯಾ ಅಂತ ತಿಳಿಯಲು: ಸಿಪ್ಪೆಯ ಹೊಳಪು ಕುಂದಿರಬೇಕು, ಕೆಲವು ಜಾತಿಗಳಲ್ಲಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬೀಜ ಕದಲುವ ಸದ್ದು ಬರುತ್ತದೆ. ಸದ್ದು ಬರಲಿಲ್ಲ ಅಂದರೆ ಎಳೆಯದು ಅಂತಲೂ ಅಲ್ಲ, ಜಾತಿ ಮೇಲೆ ಹೋಗುತ್ತದೆ. ಜಾಸ್ತಿ ಕೊಳ್ಳುವವರು ಒಂದನ್ನು ಕೊಯ್ದು ನೋಡಿ. ಬೀಜದ ಹೊದಿಕೆ ಕಾಗದದ ಹಾಗೆ ತೆಳ್ಳಗೆ, ಕಂದಾಗಿದ್ದರೆ ಬಲಿತಿದೆ. ಬೆಳ್ಳಗೆ ದಪ್ಪವಾಗಿ ಬೀಜಕ್ಕೆ ಅಂಟಿಕೊಂಡಿದ್ದರೆ ಎಳೆಯದು, ಆ ಬುಟ್ಟಿ ಬಿಡಿ.

ಮಿಕ್ಸಿಜಾರ್:
ಒಂದೇ ಗಾಡಿ, ಒಂದೇ ದಿನ ತಂದದ್ದು. ಆದರೂ ಒಂದು ಹಣ್ಣಾಗಿ, ಇನ್ನೊಂದು ಗಟ್ಟಿ ಉಳಿಯುವುದು ಯಾಕೆ? ಮಾವಿನ ಹಣ್ಣು ಹೀಗೆ ಮಾಡಲ್ಲ.

ತೋಟದಮನೆ:
ಬಾದಾಮಿ ಮಾವು ಕಸಿ ಗಿಡದ್ದು, ಎಲ್ಲ ಮರವೂ ಒಂದೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕಾಫಿ ತೋಟದ ನಡುವೆ ನಿಂತಿರುವ ಹಳೆಯ ಬಟರ್‌ಫ್ರೂಟ್ ಮರಗಳು ಬಹುಪಾಲು ಬೀಜದಿಂದ ಎದ್ದವು. ಬೀಜದ ಗಿಡ ತಾಯಿಯನ್ನು ಹೋಲುವುದಿಲ್ಲ. ಒಂದೊಂದು ಮರಕ್ಕೆ ಒಂದೊಂದು ಗಾತ್ರ, ಒಂದೊಂದು ರುಚಿ, ಒಂದೊಂದು ನಾರು. ಮಂಡಿಗೆ ಬರುವಾಗ ಎಲ್ಲ ಬೆರೆತು ಬರುತ್ತದೆ. ಕಸಿ ತಳಿಗಳೂ ಈಗ ಇವೆ, ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಂಥವು. ಗಾಡಿಯಲ್ಲಿ ಹೆಸರು ಹೇಳಿ ಮಾರುವವರು ಕಡಿಮೆ. ಅದಕ್ಕೆ ಆಕಾರ, ಸಿಪ್ಪೆ ಒಂದೇ ಥರ ಇರುವವನ್ನು ಆರಿಸಿ, ಒಂದೇ ಮರದವಾಗಿರುವ ಸಾಧ್ಯತೆ ಜಾಸ್ತಿ.

ನಿಂಬೆಹುಳಿ:
ಬೇಗ ಹಣ್ಣಾಗಬೇಕು ಅಂದರೆ ಅಕ್ಕಿ ಡಬ್ಬದಲ್ಲಿ ಹುದುಗಿಸಿಡಿ. ಮಾವು, ಸಪೋಟಕ್ಕೆ ಮಾಡುವ ಹಾಗೇ.

ತೋಟದಮನೆ:
ನಿಂಬೆಹುಳಿ ಅವರೇ, ಅಕ್ಕಿಯಲ್ಲಿ ಅಡೆ ಹಾಕಿದರೆ ಕೆಲಸ ಆಗುತ್ತದೆ, ಎಥಿಲೀನ್ ಹೊರಗೆ ಹೋಗದೆ ಸುತ್ತಲೇ ನಿಲ್ಲುತ್ತದೆ. ಆದರೆ ಈ ಹಣ್ಣು ಮಾವಿನ ಹಾಗೆ ವಾಸನೆಯಿಂದ ತಾನು ಹಣ್ಣಾದೆ ಅಂತ ಹೇಳುವುದಿಲ್ಲ. ಡಬ್ಬದಲ್ಲಿ ಮರೆತರೆ ತೊಟ್ಟು ಕೊಳೆತು ನೀರು ಬಿಟ್ಟು ಅಕ್ಕಿಯೂ ಮುಗ್ಗಾಗುತ್ತದೆ. ಮಳೆಗಾಲದಲ್ಲಿ ನಾನು ಹೇಳುವುದಿಲ್ಲ.

ಕಾಗದದ ಚೀಲ ಸಾಕು. ನಾಲ್ಕೈದು ಕಾಯಿಗೆ ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ ಎರಡು, ಚೀಲದ ಬಾಯಿ ಎರಡು ಮಡಿಕೆ ಮಡಚಿ ನೆರಳಲ್ಲಿಡಿ. ದಿನಕ್ಕೊಮ್ಮೆ ತೆಗೆದು ಅಂಗೈಯಲ್ಲಿ ನೋಡಿ, ಹಣ್ಣಾದದ್ದನ್ನು ಆಚೆ ತೆಗೆಯಿರಿ. ಬಲಿತ ಕಾಯಿ ಹೀಗೆ ಇಟ್ಟರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ, ಬರೀ ಕಟ್ಟೆ ಮೇಲೆ ಇಟ್ಟರೆ ನಾಲ್ಕರಿಂದ ಏಳು. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ.

ಜಾಗದ ತಾಪ 18ರಿಂದ 24 ಡಿಗ್ರಿ ಇದ್ದರೆ ಒಳ್ಳೆಯದು. 30 ದಾಟಿದರೆ ಒಂದು ಕಡೆ ಕೊಳೆತು ಇನ್ನೊಂದು ಕಡೆ ಗಟ್ಟಿ ಉಳಿಯುತ್ತದೆ. ಒಲೆ ಪಕ್ಕ, ಫ್ರಿಡ್ಜ್‌ನ ನೆತ್ತಿ, ಬಿಸಿಲು ಬೀಳುವ ಕಿಟಕಿ ಬೇಡ. ಮಂಗಳೂರು, ಉಡುಪಿ ಕಡೆಯವರು ಬಾಳೆಹಣ್ಣು ಸೇರಿಸದೆ ಹಾಗೇ ಬಿಡಿ, ಅಲ್ಲಿನ ಸೆಖೆಗೆ ತಾನೇ ಬೇಗ ಹಣ್ಣಾಗುತ್ತದೆ. ಮೇಲೆ ಮುಚ್ಚದೆ, ಒಂದಕ್ಕೊಂದು ತಾಗದ ಹಾಗೆ ಹರಡಿ.

ಇನ್ನೊಂದು. ಕಾರ್ಬೈಡ್ ಪುಡಿ ಕಟ್ಟಿ ಇಡಲು ಯಾರಾದರೂ ಹೇಳಿದರೆ ಕೇಳಬೇಡಿ, ಹಣ್ಣು ಮಾಗಿಸಲು ಅದು ನಮ್ಮ ದೇಶದಲ್ಲಿ ನಿಷಿದ್ಧ. ವ್ಯಾಪಾರಿಗಳು ಮಾಗಿಸುವ ಕೋಣೆಯಲ್ಲಿ ಬಳಸುವ ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗದವರೆಗೆ, ಅನುಮತಿ ಇದೆ, ಅದು ಬೇರೆ.

ಮಿಕ್ಸಿಜಾರ್:
ಮೈಕ್ರೋವೇವ್ ಕಹಿ ಯಾಕೆ ಅಂತ ಹೇಳಲಿಲ್ಲ. ಮತ್ತೆ ಚೆನ್ನಾಗಿ ಹಣ್ಣಾಗಿದ್ದ ಎರಡರಲ್ಲಿ ಒಂದರ ಜ್ಯೂಸ್ ರಾತ್ರಿ ಮಾಡಿ ಫ್ರಿಡ್ಜ್‌ನಲ್ಲಿಟ್ಟಿದ್ದು, ಬೆಳಿಗ್ಗೆ ಅದೂ ಕಹಿ ತಿರುಗಿತ್ತು.

ನಿಂಬೆಹುಳಿ:
ಅಡುಗೆ ಭಾಗ ನನಗೆ ಬಿಡಿ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಹಣ್ಣಾಗುವುದಿಲ್ಲ. ಕಾಯಿಯಲ್ಲಿ ಮೊದಲೇ ಒಗರು ಇದೆ, ಮೇಲಿಂದ ಹೆಚ್ಚು ಹೊತ್ತು ಕಾಯಿಸಿದರೆ ಇದರ ತಿರುಳು ಕಹಿ ಬಿಡುತ್ತದೆ. ಓವನ್‌ನಲ್ಲಿ ಹಾಳೆ ಸುತ್ತಿ ಬೇಯಿಸಿದರೂ ಇದೇ ಗತಿ. ಸಾರಿಗೆ, ಪಲ್ಯಕ್ಕೆ ಹಾಕಲೇಬೇಕಿದ್ದರೆ ಒಲೆ ಆರಿಸಿದ ಮೇಲೆ ಹಾಕಿ. ರಾತ್ರಿ ಮಾಡಿಟ್ಟ ಜ್ಯೂಸ್‌ಗೆ ಮದ್ದಿಲ್ಲ, ಮಾಡಿದ ಕೂಡಲೇ ಕುಡಿಯಬೇಕು. ಸಿಪ್ಪೆಗೆ ಅಂಟಿದ ಕಡುಹಸಿರು ಪದರವನ್ನು ಚಮಚದಿಂದ ಕೆರೆದು ಹಾಕುವವರಿಗೂ ಕಹಿ ಸಿಗುತ್ತದೆ.

ಯಾವ ಹದಕ್ಕೆ ಯಾವ ಕೆಲಸ ಅಂತ ನೋಡೋಣ.

ದೋರೆಗಾಯಿ, ಅಂದರೆ ಅಂಗೈಯಲ್ಲಿ ಹಿಡಿದರೆ ಸ್ವಲ್ಪವೇ ಬಿಟ್ಟುಕೊಡುವುದು: ಚಾಕುವಿಗೆ ಅಂಚು ನಿಲ್ಲುವ ಹದ. ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿ ಜಾಗದಲ್ಲಿ ಸಣ್ಣ ಹೋಳು ಮಾಡಿ ಹಾಕಬಹುದು. ಒಂದು ಲೋಟ ನೆನೆಸಿದ ಬೇಳೆಗೆ ಅರ್ಧ ಹಣ್ಣು ಸಾಕು. ನಿಂಬೆರಸ ಹಣ್ಣಿನ ಹೋಳಿಗೇ ಮೊದಲು ಸವರಿ, ಒಗ್ಗರಣೆ ಆರಿದ ಮೇಲೆ ಹಾಕಿ, ಉಪ್ಪು ಬಡಿಸುವ ಹೊತ್ತಿಗೆ.

ಹದವಾದ ಹಣ್ಣು, ಹಿಡಿದರೆ ಬಗ್ಗುತ್ತದೆ ಆದರೆ ಬೆರಳಿನ ಗುರುತು ಉಳಿಯುವುದಿಲ್ಲ: ಬ್ರೆಡ್ ಮೇಲೆ ಸವರಲು, ಗ್ವಾಕಮೊಲೆಗೆ (ತಿರುಳು ಮಸೆದು ಮಾಡುವ ಮೆಕ್ಸಿಕೋ ಕಡೆಯ ಚಟ್ನಿಯಂಥದ್ದು). ನಮ್ಮ ಕಡೆಯ ಹಣ್ಣಿನಲ್ಲಿ ಗ್ವಾಕಮೊಲೆ ನೀರಾಗುತ್ತದೆ ಅಂತ ದೂರು ಯಾವಾಗಲೂ ಬರುತ್ತದೆ. ಹಾಸ್‌ನಲ್ಲಿ ಎಣ್ಣೆ ಶೇಕಡಾ 15 ದಾಟುತ್ತದೆ, ವೆಸ್ಟ್ ಇಂಡಿಯನ್ ಜಾತಿಯಲ್ಲಿ 10ಕ್ಕಿಂತ ಕಡಿಮೆ, ಉಳಿದದ್ದು ನೀರು. ಆದ್ದರಿಂದ ಮಿಕ್ಸಿಗೆ ಹಾಕದೆ ಫೋರ್ಕ್‌ನಲ್ಲಿ ಒರಟಾಗಿ ಮಸೆಯಿರಿ, ಟೊಮೇಟೊದ ಬೀಜ, ರಸ ತೆಗೆದುಬಿಡಿ, ಉಪ್ಪು ಕೊನೆಯಲ್ಲಿ.

ಕಳಿತ ಹಣ್ಣು, ಬೆರಳಿನ ಗುರುತು ಉಳಿಯುವುದು: ಜ್ಯೂಸ್‌ಗೆ ಇದೇ ಸರಿ, ನಮ್ಮ ಜಾತಿಯ ಹಣ್ಣಿಗೆ ಹೇಳಿ ಮಾಡಿಸಿದ ಕೆಲಸ. 200 ಗ್ರಾಂ ತಿರುಳು, ಎರಡು ಚಮಚ ಸಕ್ಕರೆ, ಕಾಲು ಲೋಟ ಹಾಲು ಹಾಕಿ ಮೊದಲು ಗಂಟಿಲ್ಲದೆ ತಿರುವಿ. ಆಮೇಲೆ ಕಾಯಿಸಿ ಆರಿಸಿ ಫ್ರಿಡ್ಜ್‌ನಲ್ಲಿಟ್ಟ ಹಾಲು 300 ಮಿಲಿ ಹಾಕಿ ಹತ್ತು ಸೆಕೆಂಡ್. ಒಂದೇ ಸಲ ಎಲ್ಲ ಹಾಲು ಹಾಕಿದರೆ ತಿರುಳು ತೇಲಿ ಗಂಟು ಉಳಿಯುತ್ತದೆ, ಆ ಗಂಟು ಒಡೆಯಲು ಮಿಕ್ಸಿ ಓಡಿಸುತ್ತಾ ಹೋದರೆ ಬಿಸಿಯಾಗಿ ನೊರೆ ಬರುತ್ತದೆ. ನಾರಿನ ಹಣ್ಣಾದರೆ ತಿರುಳನ್ನು ಮೊದಲೇ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ, ಹಾಲು ಹಾಕಿದ ಮೇಲೆ ಸೋಸಲು ಆಗದು.

ಇನ್ನೂ ಒಂದು ದಿನ ಮುಂದೆ ಹೋಗಿದ್ದರೆ ಚಪಾತಿ ಹಿಟ್ಟಿಗೆ. ಎರಡು ಲೋಟ ಗೋಧಿಹಿಟ್ಟಿಗೆ ಮುಕ್ಕಾಲು ಲೋಟ ಮಸೆದ ತಿರುಳು, ಒಂದು ಚಮಚ ನಿಂಬೆರಸ, ಓಮ, ಹಸಿಮೆಣಸಿನಕಾಯಿ, ಉಪ್ಪು. ಎಣ್ಣೆ ಬೇಡ. ನೀರು ಕೊನೆಗೆ, ಚಮಚ ಚಮಚವಾಗಿ ಬೇಕಾದಷ್ಟೇ. ಕಲಸಿದ ಹಿಟ್ಟು ಇಡಬೇಡಿ, ಹದಿನೈದು ನಿಮಿಷದೊಳಗೆ ಲಟ್ಟಿಸಿ. ತಡವಾದರೆ ಹಿಟ್ಟು ಕಪ್ಪಾಗುತ್ತದೆ.

ಕಮಟು ವಾಸನೆ ಬಂದರೆ ಮಾತ್ರ ಏನೂ ಯೋಚಿಸದೆ ಎಸೆಯಿರಿ.

ಹಣ್ಣುಗಾಡಿ:
ಬೀಜ ತೆಗೆಯುವಾಗ ಅರ್ಧ ಹಣ್ಣನ್ನು ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಬೀಜಕ್ಕೆ ಹೊಡೆಯುವುದನ್ನು ವಿಡಿಯೋದಲ್ಲಿ ನೋಡಿರುತ್ತೀರಿ. ಬೇಡ, ಚಾಕು ಜಾರಿದರೆ ಅಂಗೈಯೇ ಸಿಗುವುದು. ನಮ್ಮ ಹಣ್ಣಿನಲ್ಲಿ ಬೀಜ ಸಡಿಲವಾಗಿರುತ್ತದೆ, ಚಮಚ ತೂರಿಸಿ ಎತ್ತಿದರೆ ಬಂತು. ಕೊಯ್ಯುವ ಮೊದಲು ಸಿಪ್ಪೆ ತೊಳೆಯಿರಿ, ಹೊರಗಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ.

ಮಿಕ್ಸಿಜಾರ್:
ಅರ್ಧ ಉಳಿದರೆ? ನೀರಿನಲ್ಲಿ ಮುಳುಗಿಸಿ ಇಡಬಹುದು ಅಂತ ಎಲ್ಲೋ ಓದಿದೆ.

ನಿಂಬೆಹುಳಿ:
ನೀರು ಬೇಡವೇ ಬೇಡ. ಹಸಿರು ಉಳಿಯುತ್ತದೆ ನಿಜ, ಆದರೆ ಸಿಪ್ಪೆಯ ಮೇಲಿರಬಹುದಾದ ಲಿಸ್ಟೀರಿಯಾ, ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ನೀರಿನಲ್ಲಿ ಬೆಳೆಯುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಮಾಡಬೇಡಿ ಅಂತಲೇ ಹೇಳಿದೆ.

ಕೊಯ್ದ ಮುಖಕ್ಕೆ ನಿಂಬೆರಸ ಸವರಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಳಿ ಉಳಿಯದ ಹಾಗೆ ತಿರುಳಿಗೆ ಅಂಟಿಸಿ ಫ್ರಿಡ್ಜ್‌ನಲ್ಲಿಡಿ. ಮಾರನೇ ದಿನ ಮುಗಿಸಿ. ಮೇಲೆ ಕಂದಾದ ತೆಳು ಪದರ ಕೆರೆದರೆ ಕೆಳಗೆ ಸರಿ ಇರುತ್ತದೆ. ಬೀಜ ಬಿಟ್ಟರೆ ಕಪ್ಪಾಗಲ್ಲ ಅನ್ನುತ್ತಾರೆ, ಬೀಜ ಮುಚ್ಚಿದ ಜಾಗ ಮಾತ್ರ ಕಪ್ಪಾಗಲ್ಲ, ಅಷ್ಟೇ.

ಒಟ್ಟಿಗೆ ಹಣ್ಣಾಗಿ ಕೂತರೆ ತಿರುಳು ಮಸೆದು, ಒಂದು ಹಣ್ಣಿಗೆ ಒಂದು ಚಮಚ ನಿಂಬೆರಸ ಬೆರೆಸಿ, ಜಿಪ್ ಚೀಲದಲ್ಲಿ ಚಪ್ಪಟೆ ಮಾಡಿ ಫ್ರೀಜರ್‌ಗೆ. ಮೂರು ತಿಂಗಳೊಳಗೆ ಜ್ಯೂಸ್‌ಗೆ, ಚಪಾತಿಗೆ ಬಳಸಿ. ಹೋಳು ಮಾಡಿ ಇಟ್ಟರೆ ಕರಗಿದಾಗ ನೀರು ಬಿಟ್ಟು ಕೋಸಂಬರಿಗೆ ಬಾರದು.

ಮಿಕ್ಸಿಜಾರ್:
ಕೊನೆಯ ಪ್ರಶ್ನೆ. ಆ ಬೂದು ತಿರುಳಿನವು, ಸಿಪ್ಪೆ, ಬೀಜ ಎಲ್ಲ ಊರಿಗೆ ಕಳಿಸಿದರೆ ಹಸುವಿಗೆ ಹಾಕಬಹುದಾ? ಸುಮ್ಮನೆ ಎಸೆಯಲು ಮನಸ್ಸಿಲ್ಲ.

ತೋಟದಮನೆ:
ಖಂಡಿತ ಹಾಕಬೇಡಿ. ಇದರ ಎಲೆ, ಸಿಪ್ಪೆ, ಬೀಜಗಳಲ್ಲಿ ಪರ್ಸಿನ್ ಅನ್ನುವ ವಸ್ತು ಇದೆ. ನಮಗೆ ತೊಂದರೆ ಮಾಡುವುದಿಲ್ಲ, ಆದರೆ ದನ, ಮೇಕೆ, ಮೊಲ, ಕುದುರೆಗಳಿಗೆ ಕೆಚ್ಚಲು ಬಾವು, ಹೃದಯದ ತೊಂದರೆ ತರುತ್ತದೆ. ಗಿಳಿಯಂಥ ಸಾಕುಹಕ್ಕಿಗೆ ತಿರುಳೂ ಕೊಡಬಾರದು. ಗೊಬ್ಬರದ ಗುಂಡಿಗೆ ಹಾಕಿ, ದನ ಬಾಯಿ ಹಾಕದ ಹಾಗೆ ಮೇಲೆ ಮಣ್ಣು ಎಳೆಯಿರಿ. ಬೀಜವನ್ನು ಎರಡು ಹೋಳು ಮಾಡಿ ಹಾಕಿದರೆ ಬೇಗ ಕೊಳೆಯುತ್ತದೆ, ಇಡಿಯಾಗಿ ಹಾಕಿದರೆ ಅಲ್ಲೇ ಮೊಳಕೆ ಬರುತ್ತದೆ.