ಲ್ಯಾಮಿ ಸಫಾರಿ ಪೆನ್ನು ಕನ್ನಡ ಬರವಣಿಗೆಗೂ ಹೆಸರಿಗೆ ತಕ್ಕಂತಿದೆಯೇ?

ಪ್ರಶ್ನೆ: ಹಂತಿಪದ, ವಿಜಯಪುರ

ಶಾಯಿ ಪೆನ್ನು ಬಳಸುವ ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಹಾಡುವ ಬೀಸುವ ಪದ, ಹಂತಿ ಪದಗಳನ್ನು ಧ್ವನಿಮುದ್ರಣ ಮಾಡಿಕೊಂಡು ಬಂದು, ರಾತ್ರಿ ಊಟವಾದ ಮೇಲೆ ಕುಳಿತು ಅವನ್ನು ವಹಿಯಲ್ಲಿ ಶುದ್ಧಪ್ರತಿ ಮಾಡುವುದು ನನ್ನ ರೂಢಿ. ಬಾಲ್‌ಪೆನ್ನನ್ನು ಒತ್ತಿ ಒತ್ತಿ ಬರೆದು ಹೆಬ್ಬೆರಳಿನ ಬುಡ ನೋಯತೊಡಗಿರುವುದರಿಂದ ಶಾಯಿ ಪೆನ್ನಿಗೆ ಮರಳಬೇಕೆಂದು ನಿರ್ಧರಿಸಿದ್ದೇನೆ.

ಯಾವ ಪೆನ್ನು ಕೊಳ್ಳಲಿ ಎಂದು ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಲ್ಯಾಮಿ ಸಫಾರಿ. ಅದರ ಬೆಲೆ ಎರಡು ಸಾವಿರ ರೂಪಾಯಿಯನ್ನು ದಾಟುತ್ತದೆ. ಅಷ್ಟು ಹಣದಲ್ಲಿ ನಮ್ಮ ದೇಶದ ಪೆನ್ನುಗಳು ಹಲವು ಬರುತ್ತವೆ. ನಾನು ಓದಿದ ವಿಮರ್ಶೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಬರೆಯುವವರೇ ಬರೆದಿದ್ದಾರೆ. ನನ್ನ ಅಕ್ಷರ ಸಣ್ಣದು, ಹಾಡುಗಳಲ್ಲಿ ಒತ್ತಕ್ಷರಗಳು ಸಾಲುಸಾಲಾಗಿ ಬರುತ್ತವೆ, ಮೇಲಾಗಿ ನಮ್ಮ ಬೇಸಿಗೆ ಎಂಥದ್ದೆಂಬುದು ನಿಮಗೆ ಗೊತ್ತಿರುವುದೇ. ಕನ್ನಡವನ್ನೇ ಹೆಚ್ಚಾಗಿ ಬರೆಯುವವರು ಈ ಪೆನ್ನಿನ ಬಗ್ಗೆ ಏನು ಹೇಳುತ್ತೀರಿ? ಶುದ್ಧಪ್ರತಿ ಬಹುಕಾಲ ಉಳಿಯಬೇಕಾದರೆ ಯಾವ ಶಾಯಿ ಒಳ್ಳೆಯದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ದಸ್ತಾವೇಜು, ಬೆಳಗಾವಿ

ಗುರುಗಳೇ, ನಮಸ್ಕಾರ. ನಾನು ಬೆಳಗಾವಿಯಲ್ಲಿ ಅರ್ಜಿ ಮತ್ತು ದಸ್ತಾವೇಜುಗಳ ಕರಡು ಬರೆಯುವ ವೃತ್ತಿಯವನು. ದಿನವಿಡೀ ಕನ್ನಡವನ್ನೂ ಮರಾಠಿಯನ್ನೂ ಕೈಯಿಂದಲೇ ಬರೆಯುತ್ತೇನೆ, ಹಲವು ವರ್ಷಗಳಿಂದ ಸಫಾರಿಯನ್ನು ಬಳಸುತ್ತಿದ್ದೇನೆ. ಈ ಪೆನ್ನಿಗೆ ಬಂದಿರುವ ಹೆಸರಿನಲ್ಲಿ ಎರಡು ಮಾತುಗಳು ಬೆರೆತುಹೋಗಿವೆ. ಗಟ್ಟಿಮುಟ್ಟಾದ, ನಂಬಿ ಬಳಸಬಹುದಾದ ಪೆನ್ನು ಎಂಬುದು ಒಂದು. ಹೊಸದಾಗಿ ಶಾಯಿ ಪೆನ್ನು ಹಿಡಿಯುವ ಯಾರಿಗಾದರೂ ಒಗ್ಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ಜರ್ಮನಿಯ ಹೈಡೆಲ್‌ಬರ್ಗ್‌ನ ಲ್ಯಾಮಿ ಕಂಪನಿ ಈ ಪೆನ್ನನ್ನು 1980ರಲ್ಲಿ ಹೊರತಂದಿತು, ವಿನ್ಯಾಸ ವೋಲ್ಫ್‌ಗಾಂಗ್ ಫೇಬಿಯನ್ ಅವರದು. ಅವರ ಕಣ್ಣ ಮುಂದಿದ್ದವರು ಹತ್ತರಿಂದ ಹದಿನೈದು ವರ್ಷದ ಶಾಲಾ ಮಕ್ಕಳು. ಕೈಜಾರಿ ಬಿದ್ದರೂ ಸುಲಭವಾಗಿ ಒಡೆಯದ ಎಬಿಎಸ್ ಪ್ಲಾಸ್ಟಿಕ್ಕಿನ ಮೈ, ದಪ್ಪ ಬಟ್ಟೆಗೂ ಸಿಕ್ಕಿಸಬಹುದಾದ ತಂತಿಯ ಕ್ಲಿಪ್ಪು, ಶಾಯಿ ಎಷ್ಟು ಉಳಿದಿದೆ ಎಂದು ಕಾಣಿಸುವ ಕಿಂಡಿ, ಇವೆಲ್ಲವೂ ಆ ಮಕ್ಕಳ ಬಳಕೆಗೆಂದು ಯೋಚಿಸಿ ಮಾಡಿದವು. ಬೆರಳಿಡುವ ಜಾಗವನ್ನು ದುಂಡಗೆ ಬಿಡದೆ, ಹೆಬ್ಬೆರಳಿಗೂ ತೋರುಬೆರಳಿಗೂ ಒಂದೊಂದು ಚಪ್ಪಟೆ ತಳ ಕೊಟ್ಟು ಮುಮ್ಮೂಲೆಯಾಗಿ ಕಡೆದಿರುವುದೂ ಇದೇ ಕಾರಣಕ್ಕೆ. ಪೆನ್ನು ಹಿಡಿಯುವ ಕ್ರಮ ಇನ್ನೂ ಗಟ್ಟಿಯಾಗದ ಮಗುವಿಗೆ ಇದು ದಾರಿ ತೋರಿಸುತ್ತದೆ. ಪಾಟಿ, ಬಳಪದಿಂದ ಆರಂಭಿಸಿ ನಮ್ಮದೇ ಆದ ಹಿಡಿತವನ್ನು ಮೂಳೆಗೆ ಹತ್ತಿಸಿಕೊಂಡಿರುವ ನಮ್ಮಂಥವರಿಗೆ ಹಾಗಲ್ಲ. ಬೆರಳು ಆ ತಳಗಳ ಮೇಲೆ ಸಹಜವಾಗಿ ಕುಳಿತರೆ ಸುಖ, ಕೂಡದಿದ್ದರೆ ಅಂಚುಗಳು ಒತ್ತುತ್ತಲೇ ಇರುತ್ತವೆ. ನಿಮಗೆ ಹೆಬ್ಬೆರಳಿನ ನೋವು ಇರುವುದರಿಂದ ನಿಬ್ಬಿಗಿಂತ, ಶಾಯಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಇನ್ನು ನಿಬ್ಬಿನ ಮಾತು. ಕನ್ನಡಕ್ಕೆ ಸಂಬಂಧಿಸಿದಂತೆ ಇಂಗ್ಲಿಷ್ ವಿಮರ್ಶೆಗಳಲ್ಲಿ ಸಿಗದ ಎರಡು ವಿಷಯಗಳಿವೆ. ನಮ್ಮ ಲಿಪಿಯಲ್ಲಿ ದಕಾರದ ಹೊಟ್ಟೆ ಸೀಳಿದರೆ ಧಕಾರ, ಪಕಾರದ್ದು ಸೀಳಿದರೆ ಫಕಾರ. ಗೆರೆ ತುಸು ದಪ್ಪವಾಗಿ, ಕಾಗದ ತುಸು ಹೀರುವಂಥದ್ದಾದರೆ ಆ ಸಣ್ಣ ಸೀಳು ಮುಚ್ಚಿಹೋಗಿ ‘ಧನ’ ಮತ್ತು ‘ದನ’ಗಳ ನಡುವಿನ ಅಂತರವೇ ಅಳಿಸುತ್ತದೆ. ‘ರಾಷ್ಟ್ರ’, ‘ಲಕ್ಷ್ಮಿ’ಗಳಂಥ ಶಬ್ದಗಳಲ್ಲಿ ಗೆರೆಯ ಕೆಳಗೆ ಎರಡೆರಡು ಒತ್ತು ಕೂರಬೇಕಾದಾಗ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಫಾರಿಯ ನಿಬ್ಬುಗಳು ಎಕ್ಸ್‌ಟ್ರಾ ಫೈನ್, ಫೈನ್, ಮೀಡಿಯಂ, ಬ್ರಾಡ್ ಎಂಬ ಅಳತೆಗಳಲ್ಲಿ ಬರುತ್ತವೆ, ಯುರೋಪಿನ ನಿಬ್ಬುಗಳು ಸಾಮಾನ್ಯವಾಗಿ ಅಗಲದ ಕಡೆಗೇ ವಾಲುತ್ತವೆ. ಸಣ್ಣ ಅಕ್ಷರದವರಿಗೆ ಇದರ ಮೀಡಿಯಂ ಖಂಡಿತ ಬೇಡ, ಫೈನ್ ಸಹ ಅನುಮಾನವೇ. ಎಕ್ಸ್‌ಟ್ರಾ ಫೈನ್ ತೆಗೆದುಕೊಳ್ಳಿ.

ಎರಡನೆಯ ವಿಷಯ ಇದಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ಕೂಡಿಸಿ ಬರೆಯುವ ಇಂಗ್ಲಿಷಿನಲ್ಲಿ ಒಂದು ಪದ ಮುಗಿಯುವವರೆಗೂ ನಿಬ್ಬು ಕಾಗದವನ್ನು ಬಿಡದೆ ಸಾಗಬಹುದು. ಕನ್ನಡದಲ್ಲಿ ಪ್ರತಿ ಅಕ್ಷರವೂ ಬಿಡಿ. ಮೂಲ ರೂಪ ಬರೆದು ಕೈ ಎತ್ತುತ್ತೇವೆ, ತಲಕಟ್ಟು ಎಳೆದು ಎತ್ತುತ್ತೇವೆ, ಒತ್ತು ಕೊಟ್ಟು ಎತ್ತುತ್ತೇವೆ. ಹೀಗೆ ಒಂದು ಸಾಲಿನಲ್ಲಿ ಎಷ್ಟೋ ಸಲ ಗೆರೆ ಹೊಸದಾಗಿ ಹುಟ್ಟಬೇಕಾಗುತ್ತದೆ, ಹುಟ್ಟುವ ಪ್ರತಿ ಸಲವೂ ಶಾಯಿ ತಡವಿಲ್ಲದೆ ಇಳಿಯಬೇಕು. ನಿಬ್ಬಿನ ತುದಿಯ ಗುಂಡನ್ನು ಅತಿಯಾಗಿ ನುಣುಪು ಮಾಡಿದ್ದರೆ ಸೀಳಿನ ಎರಡು ಅಂಚುಗಳೂ ಒಳಕ್ಕೆ ದುಂಡಾಗಿ, ಶಾಯಿ ಕಾಗದವನ್ನು ಮುಟ್ಟದೆ ಮೊದಲ ಗೆರೆಯ ಆರಂಭ ತಪ್ಪುತ್ತದೆ. ಇದು ಯಾವ ಕಂಪನಿಯ ನಿಬ್ಬಿನಲ್ಲಾದರೂ ಇರಬಹುದಾದ ದೋಷ. ಸಫಾರಿಯ ಹೆಚ್ಚುಗಾರಿಕೆ ಇರುವುದು ಇಂಥ ಸಂದರ್ಭದಲ್ಲೇ: ಪೂರ್ತಿ ಪೆನ್ನು ಬದಲಿಸಬೇಕಾಗಿಲ್ಲ, ನಿಬ್ಬಿನ ಮೇಲೆ ಅಂಟುಪಟ್ಟಿ ಹಚ್ಚಿ ನೇರವಾಗಿ ಮುಂದಕ್ಕೆ ಎಳೆದರೆ ನಿಬ್ಬು ಕಳಚಿ ಬರುತ್ತದೆ, ಹೊಸದನ್ನು ಅದೇ ದಾರಿಯಲ್ಲಿ ತಳ್ಳಿ ಕೂರಿಸಬಹುದು. ಬಿಡಿ ನಿಬ್ಬು ಪ್ರತ್ಯೇಕವಾಗಿ ಸಿಗುತ್ತದೆ, ಅದೇ ಕಂಪನಿಯ ಅಲ್-ಸ್ಟಾರ್, ವಿಸ್ಟಾ ಪೆನ್ನುಗಳಿಗೂ ಅದೇ ಕೂಡುತ್ತದೆ. ಬಾಲ್‌ಪೆನ್ನಿನ ಒತ್ತಡ ರೂಢಿಯಾಗಿರುವ ಕೈಗೆ ಅದರ ಗಡಸು ಉಕ್ಕಿನ ನಿಬ್ಬು ಅನುಕೂಲವೂ ಹೌದು. ಒತ್ತಡ ತಗ್ಗಿಸುವುದನ್ನು ಕೈ ಕಲಿಯುವವರೆಗೆ ಅದು ತಾಳಿಕೊಳ್ಳುತ್ತದೆ.

ಉತ್ತರ: ಘಟಪ್ರಭಾ ದಂಡೆ, ಬಾಗಲಕೋಟೆ

ದಸ್ತಾವೇಜು ಅವರು ಕೈ ಎತ್ತುವ ಬಗ್ಗೆ ಹೇಳಿದ ಮಾತು ಬಹಳ ಸರಿಯಾಗಿದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನಾದ್ದರಿಂದ ಶಾಯಿ, ಬಿಸಿಲು ಮತ್ತು ನೀರಿನ ವಿಷಯಕ್ಕಷ್ಟೇ ಉತ್ತರಿಸುತ್ತೇನೆ.

ನಿಬ್ಬಿನ ಸೀಳು ಮತ್ತು ಅದರ ಕೆಳಗೆ ಕೂತಿರುವ ಫೀಡ್ ಎಂಬ ಭಾಗದ ಕಿರಿಗಾಲುವೆಗಳು ಶಾಯಿಯನ್ನು ತಾವಾಗಿಯೇ ತುದಿಯವರೆಗೆ ಸೆಳೆದು ತರುತ್ತವೆ, ಹೊರಹೋದ ಶಾಯಿಯ ಜಾಗಕ್ಕೆ ಗಾಳಿ ಅದೇ ಫೀಡಿನ ಮೂಲಕ ಒಳಬರುತ್ತದೆ. ತುದಿಯಲ್ಲಿರುವ ಶಾಯಿ ಅತ್ಯಲ್ಪವಾದ್ದರಿಂದ, ಏಪ್ರಿಲ್–ಮೇ ತಿಂಗಳಿನಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟಿ, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ, ಧ್ವನಿಮುದ್ರಣದ ಒಂದು ಸಾಲನ್ನು ಮತ್ತೊಮ್ಮೆ ಕೇಳಿಸಿಕೊಳ್ಳುವಷ್ಟರಲ್ಲಿ ತೆರೆದ ನಿಬ್ಬಿನ ತುದಿ ಒಣಗಲು ಆರಂಭಿಸುತ್ತದೆ. ಸಫಾರಿಯ ನಿಬ್ಬು ಪೂರ್ತಿ ತೆರೆದಿರುವಂಥದ್ದು, ಆದ್ದರಿಂದ ಅದಕ್ಕೂ ಇದರಿಂದ ವಿನಾಯಿತಿ ಇಲ್ಲ. ಆದರೆ ಅದರ ಕ್ಯಾಪಿಗೆ ತಿರುಪಿಲ್ಲ, ಒತ್ತಿದರೆ ಕುಳಿತುಕೊಳ್ಳುತ್ತದೆ. ಕೇಳಿ, ನಿಲ್ಲಿಸಿ, ಬರೆದು, ಮತ್ತೆ ಕೇಳುವ ನಿಮ್ಮ ಕೆಲಸದಲ್ಲಿ ನಡುನಡುವೆ ಮುಚ್ಚಿಡಲು ಇದು ತಿರುಪಿನ ಕ್ಯಾಪಿಗಿಂತ ಬಹಳ ಅನುಕೂಲ.

ಬಸ್ಸಿನಲ್ಲಿ ಹಳ್ಳಿಗಳಿಗೆ ಹೋಗುವಾಗ ಪೆನ್ನನ್ನು ಅರ್ಧ ತುಂಬಿಸಿ ಒಯ್ಯಬೇಡಿ. ಒಳಗಿನ ಗಾಳಿ ಬಿಸಿಲಿಗೆ ಹಿಗ್ಗಿ ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಪೂರ್ತಿ ತುಂಬಿಸಿ, ನಿಬ್ಬು ಮೇಲಾಗಿರುವಂತೆ ಜೇಬಿಗೆ ಸಿಕ್ಕಿಸಿಕೊಳ್ಳಿ.

ನೀರಿನ ಬಗ್ಗೆ ವಿಶೇಷವಾಗಿ ಹೇಳಬೇಕು. ನಮ್ಮ ಕಡೆಯ ಕೊಳವೆಬಾವಿಗಳ ನೀರು ಹೆಚ್ಚಾಗಿ ಗಡಸು. ಅದರಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಪಾತ್ರೆಯ ತಳದಲ್ಲಿ ಕೂರುವಂತೆಯೇ ಫೀಡಿನ ಕಾಲುವೆಗಳಲ್ಲೂ ಕೂರುತ್ತವೆ, ಕ್ರಮೇಣ ಶಾಯಿಯ ಹರಿವು ಬಡವಾಗುತ್ತದೆ. ಆಮೇಲೆ ದೂಷಣೆ ಪೆನ್ನಿಗೆ ಬರುತ್ತದೆ. ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಿ. ಬಿಸಿನೀರು ಬೇಡ.

ಇನ್ನು ಶಾಯಿ. ಪೇಟೆಯಲ್ಲಿ ಸುಲಭವಾಗಿ ಸಿಗುವ ರಾಯಲ್ ಬ್ಲೂ ಶಾಯಿಗಳು ನೀರಿನಲ್ಲಿ ಕರಗುವ ಬಣ್ಣದವು. ತೊಳೆಯಲು ಸುಲಭ, ಆದರೆ ಒಂದು ಲೋಟ ನೀರು ಚೆಲ್ಲಿದರೆ ಹಾಡು ಹೋಯಿತು; ಬೆಳಕಿಗೂ ಮಾಸುತ್ತವೆ. ಒಬ್ಬ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ಪದವನ್ನು ಅಂಥ ಶಾಯಿಯಲ್ಲಿ ಬರೆದಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಶುದ್ಧಪ್ರತಿಗೆ ನೀರಿನಲ್ಲಿ ಕರಗದ ಬಣ್ಣದ ಸಣ್ಣ ಕಣಗಳಿಂದ ಶಾಯಿ ಪೆನ್ನಿಗೆಂದೇ ತಯಾರಿಸಿದ ಪಿಗ್ಮೆಂಟ್ ಶಾಯಿಯನ್ನೋ, ಕಬ್ಬಿಣದ ಲವಣ ಮತ್ತು ಟ್ಯಾನಿನ್ ಸೇರಿಸಿ ಮಾಡಿದ ಐರನ್ ಗಾಲ್ ಶಾಯಿಯನ್ನೋ ಬಳಸಿ. ಎರಡನೆಯದು ಬರೆದ ಮೇಲೆ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಕಪ್ಪಾಗುತ್ತಾ ಹೋಗುತ್ತದೆ, ಕಾಗದದ ಎಳೆಗಳನ್ನೇ ಹಿಡಿದುಕೊಳ್ಳುತ್ತದೆ. ಅದು ಆಮ್ಲೀಯವಾದ್ದರಿಂದ ಪೆನ್ನಿನಲ್ಲಿ ತಿಂಗಳುಗಟ್ಟಲೆ ಬಿಡಬಾರದು, ಆಗಾಗ ತೊಳೆಯಬೇಕು. ಚಿತ್ರ ಬರೆಯುವ ವಾಟರ್‌ಪ್ರೂಫ್ ಡ್ರಾಯಿಂಗ್ ಶಾಯಿಯನ್ನಂತೂ ಯಾವ ಕಾರಣಕ್ಕೂ ತುಂಬಿಸಬೇಡಿ. ಅದರಲ್ಲಿರುವ ಅರಗಿನಂಥ ಅಂಟು ಫೀಡಿನೊಳಗೆ ಗಟ್ಟಿಯಾದರೆ ಪೆನ್ನು ಕೆಟ್ಟಂತೆಯೇ.

ದೌತಿಯ ಶಾಯಿ ಬಳಸಲು ಝಡ್ 28 ಎಂಬ ಕನ್ವರ್ಟರ್, ಅಂದರೆ ಶಾಯಿ ಎಳೆದು ತುಂಬಿಕೊಳ್ಳುವ ಕೊಳವೆ ಬೇಕು. ಅನೇಕ ಕಡೆ ಅದನ್ನು ಪ್ರತ್ಯೇಕವಾಗಿಯೇ ಕೊಳ್ಳಬೇಕಾಗುತ್ತದೆ, ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿಕೊಳ್ಳಿ. ಈ ಕಂಪನಿಯ ಕಾರ್ಟ್ರಿಜ್ಜು (ಶಾಯಿ ತುಂಬಿಯೇ ಬರುವ ಕೊಳವೆ) ಅದರದೇ ಅಳತೆಯದು, ಬೇರೆ ಕಂಪನಿಗಳ ಸಾಮಾನ್ಯ ಅಳತೆಯ ಕಾರ್ಟ್ರಿಜ್ಜು ಇದಕ್ಕೆ ಕೂಡುವುದಿಲ್ಲ.

ಉತ್ತರ: ಸಣ್ಣಕ್ಷರ, ಜಮಖಂಡಿ

ಸರ್, ಮೇಲಿನ ಇಬ್ಬರು ಹಿರಿಯರ ಮಾತನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವವಳು, ಪ್ರತಿದಿನ ಗಂಟೆಗಟ್ಟಲೆ ಉತ್ತರ ಬರೆದು ಅಭ್ಯಾಸ ಮಾಡುತ್ತೇನೆ. ಸಫಾರಿಯ ಖ್ಯಾತಿಯಲ್ಲಿ ಒಂದು ಪಾಲು ವರ್ಷವರ್ಷವೂ ಬರುವ ಹೊಸ ಬಣ್ಣಗಳದ್ದು, ಅವನ್ನು ಸಂಗ್ರಹಿಸುವವರದ್ದು. ಬರೆಯುವುದೊಂದೇ ಉದ್ದೇಶವಾಗಿರುವ ನಿಮಗೆ ಆ ಪಾಲಿಗೆ ಹಣ ಕೊಡುವ ಅಗತ್ಯವಿಲ್ಲ.

ಸಣ್ಣ ಕನ್ನಡ ಅಕ್ಷರಕ್ಕೆ ಜಪಾನಿನ ನಿಬ್ಬು ಹೆಚ್ಚು ಹೊಂದುತ್ತದೆ. ಪೈಲಟ್ ಕಂಪನಿಯ ಮೆಟ್ರೋಪಾಲಿಟನ್ ಅಥವಾ ಕಾಕುನೋ ಪೆನ್ನಿನ ಫೈನ್ ನಿಬ್ಬು ಯುರೋಪಿನ ಎಕ್ಸ್‌ಟ್ರಾ ಫೈನ್‌ನಷ್ಟೇ ಅಥವಾ ಅದಕ್ಕಿಂತ ತೆಳುವಾಗಿ ಬರೆಯುತ್ತದೆ. ಮೆಟ್ರೋಪಾಲಿಟನ್ನಿನ ಹಿಡಿಕೆ ದುಂಡಗಿದೆ, ಹೇಗೆ ಹಿಡಿದರೂ ಅದು ತಕರಾರು ಮಾಡುವುದಿಲ್ಲ. ಲೋಹದ ಮೈಯಾದ್ದರಿಂದ ಸಫಾರಿಗಿಂತ ಭಾರ ಎಂಬುದನ್ನೂ ಹೇಳಬೇಕು, ನೋವಿರುವ ಕೈಗೆ ಅದು ಮುಖ್ಯವಾಗಬಹುದು. ಕಾಕುನೋ ಹಗುರ, ಆದರೆ ಅದೂ ಮಕ್ಕಳಿಗೆಂದೇ ಮಾಡಿದ್ದು, ಅದರ ಹಿಡಿಕೆಯೂ ಮೆದುವಾಗಿ ಮುಮ್ಮೂಲೆಯದು. ಒಣಗುವ ತೊಂದರೆಗೆ ನಮ್ಮ ತಂದೆಯವರ ಕಾಲದ ಹೀರೋ 616 ಇಂದಿಗೂ ಒಳ್ಳೆಯ ಉತ್ತರ. ಅದರ ನಿಬ್ಬು ಬಹುಪಾಲು ಮುಸುಕಿನೊಳಗೇ ಇರುವುದರಿಂದ ತುದಿ ಬೇಗ ಒಣಗುವುದಿಲ್ಲ. ಅದರ ತಯಾರಿಕೆಯ ಗುಣಮಟ್ಟ ಒಂದರಿಂದ ಒಂದಕ್ಕೆ ಬೇರೆಯಾಗಿರುತ್ತದೆ, ಬರೆದು ನೋಡಿಯೇ ಆರಿಸಬೇಕು.

ಪ್ರತಿಕ್ರಿಯೆ: ಹಂತಿಪದ, ವಿಜಯಪುರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾಯಿಯ ಬಗ್ಗೆ ಹೇಳಿದ್ದನ್ನು ಹಾಗೆಯೇ ಪಾಲಿಸುತ್ತೇನೆ. ಸಹೋದ್ಯೋಗಿಯೊಬ್ಬರ ಸಫಾರಿಯನ್ನು ಇಂದು ಕೈಯಲ್ಲಿ ಹಿಡಿದು ನೋಡಿದೆ. ತೋರುಬೆರಳು ತಳದ ಮೇಲೆ ಕೂರುತ್ತದೆ, ಆದರೆ ನನ್ನ ಹೆಬ್ಬೆರಳು ತೋರುಬೆರಳಿನ ಮೇಲೆ ಅಡ್ಡ ಬೀಳುವ ರೂಢಿಯಿರುವುದರಿಂದ ಅಂಚು ಅದರ ಬದಿಗೆ ತಾಗುತ್ತದೆ. ಬರೆಯುತ್ತ ಹೋದರೆ ಇದು ರೂಢಿಯಾಗುತ್ತದೆಯೇ, ಅಥವಾ ಆಸೆ ಬಿಡುವುದು ಲೇಸೇ?

ಉತ್ತರ: ದಸ್ತಾವೇಜು, ಬೆಳಗಾವಿ

ಗುರುಗಳೇ, ಹೆಬ್ಬೆರಳು ಅಡ್ಡ ಬೀಳುವ ಹಿಡಿತಕ್ಕೆ ಸಫಾರಿ ಬೇಡ. ನೋವಿಲ್ಲದ ಕೈಯಾಗಿದ್ದರೆ ಕೆಲವು ವಾರ ಪ್ರಯತ್ನಿಸಿ ಎನ್ನುತ್ತಿದ್ದೆ, ನಿಮಗೆ ಹಾಗೆ ಹೇಳಲಾರೆ. ಜಮಖಂಡಿಯ ಸಹೋದರಿ ಹೇಳಿದ ದುಂಡು ಹಿಡಿಕೆಯ ದಾರಿಯೇ ನಿಮಗೆ ಸರಿ. ಭಾರ ಹೆಚ್ಚೆನಿಸಿದರೆ ಕ್ಯಾಪನ್ನು ಹಿಂಬದಿಗೆ ಸಿಕ್ಕಿಸದೆ ಮೇಜಿನ ಮೇಲೆ ಇಟ್ಟು ಬರೆಯಿರಿ, ಅಷ್ಟರಿಂದಲೇ ಪೆನ್ನಿನ ತೂಕ ಕೈಯ ಹಿಂಭಾಗಕ್ಕೆ ವಾಲುವುದು ತಪ್ಪುತ್ತದೆ.

ಕೊಳ್ಳುವ ಮುನ್ನ ನಿಮ್ಮದೇ ವಹಿಯನ್ನು ಅಂಗಡಿಗೆ ಒಯ್ಯಿರಿ. ಅವರು ಪರೀಕ್ಷೆಗೆ ಕೊಡುವ ನುಣುಪು ಕಾಗದದ ಮೇಲೆ ಎಲ್ಲ ನಿಬ್ಬೂ ಚೆನ್ನಾಗಿಯೇ ಬರೆಯುತ್ತದೆ. ಇಲ್ಲಿ ಖಡೇಬಜಾರ್ ಕಡೆ ಬರುವುದಿದ್ದರೆ ಕೇಳಿ ನೋಡಿ, ಶಾಯಿಯಲ್ಲಿ ಅದ್ದಿ ಬರೆಯಲು ಒಪ್ಪುವ ಅಂಗಡಿಯವರು ಸಿಗುತ್ತಾರೆ. ‘ಧನ’, ‘ಫಲ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂದು ನಿಮ್ಮ ಸಹಜ ಅಳತೆಯಲ್ಲಿ ಬರೆದು, ಸೀಳುಗಳೂ ಒತ್ತುಗಳೂ ಬಿಡಿಬಿಡಿಯಾಗಿ ನಿಂತಿವೆಯೇ ನೋಡಿ. ಆಮೇಲೆ ಅರ್ಧ ನಿಮಿಷ ಸುಮ್ಮನಿದ್ದು ಒಂದು ತಲಕಟ್ಟು ಎಳೆಯಿರಿ. ಅದು ಆರಂಭದಿಂದಲೇ ಪೂರ್ತಿಯಾಗಿ ಮೂಡಿದರೆ ಆ ಪೆನ್ನನ್ನು ತೆಗೆದುಕೊಳ್ಳಬಹುದು.