ಅಪ್‌ಡೇಟ್: ಮಗಳ ಹೈಸ್ಕೂಲು ನಿಶ್ಚಯವಾಯಿತು

ಶಿರಸಿಯ ಮೂರು ಪ್ರೌಢಶಾಲೆಗಳ ಜಾಲತಾಣ ನೋಡಿ, ಎಂಟನೆಯ ತರಗತಿಗೆ ಹೋಗುವ ಮಗಳಿಗೆ ಯಾವುದನ್ನು ಆರಿಸಲಿ ಎಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಶುಲ್ಕ, ಫಲಿತಾಂಶಗಳ ಪಟ್ಟಿ ಮಾಡಿ ಹೋಲಿಸುವ ಸಲಹೆ ಕೈಗೂಡಲಿಲ್ಲ. ಒಂದು ಶಾಲೆ ಶುಲ್ಕವನ್ನೇ ಹಾಕಿರಲಿಲ್ಲ. ಇನ್ನೊಂದು ಶೇ 100 ಫಲಿತಾಂಶ ಎಂದಿತ್ತು. ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ ಎಂಬುದಿರಲಿಲ್ಲ.

ನಿಜಕ್ಕೂ ನೆರವಾದದ್ದು ಯುಡೈಸ್ (ಶಾಲೆಗಳ ಮಾಹಿತಿ ಇಡುವ ಸರ್ಕಾರಿ ವ್ಯವಸ್ಥೆ) ನೋಡಿ ಎಂಬ ಸಲಹೆ. ಪ್ರತಿ ಶಾಲೆಗೂ 11 ಅಂಕಿಗಳ ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಆರಂಭ. ಅದನ್ನು ಹಾಕಿ ಸರ್ಕಾರದ ತಾಣದಲ್ಲಿ ಹುಡುಕಿದರೆ ಶಿಕ್ಷಕರು, ಮಕ್ಕಳು, ಶೌಚಾಲಯ, ಬೋಧನಾ ಮಾಧ್ಯಮ ಎಲ್ಲವೂ ಒಂದೇ ನಮೂನೆಯಲ್ಲಿ ಸಿಗುತ್ತವೆ. ಹೋಲಿಸುವುದು ಆಗ ಸುಲಭವಾಯಿತು.

"ಒಮ್ಮೆ ಹೋಗಿ ನೋಡಿ" ಎಂದವರಿಗೆ ವಿಶೇಷ ವಂದನೆ. ಮೊನ್ನೆ ಮಳೆಯಲ್ಲೇ ಹೋದೆವು. ತಾಣದಲ್ಲಿ ಎರಡೇ ಹಳೆಯ ಚಿತ್ರಗಳಿದ್ದ ಶಾಲೆಯ ಗ್ರಂಥಾಲಯದ ವಹಿಯಲ್ಲಿ ಹಿಂದಿನ ದಿನವೇ ಪುಸ್ತಕ ಒಯ್ದ ಮಕ್ಕಳ ಸಹಿಗಳಿದ್ದವು. ಮಗಳು ಆ ಪುಟವನ್ನು ಬೆರಳಿಟ್ಟು ಓದುತ್ತ ನಿಂತುಬಿಟ್ಟಳು. ವಿಶೇಷ ತರಗತಿ ಮುಗಿದ ಮೇಲೂ ನಮ್ಮೂರಿಗೆ ಬಸ್ ಇದೆ ಎಂಬುದನ್ನು ಮುಖ್ಯೋಪಾಧ್ಯಾಯರೇ ಹೇಳಿದರು. ಇದು ಯಾವ ಜಾಲತಾಣದಲ್ಲೂ ಇರಲಿಲ್ಲ. ಅಲ್ಲಿಯೇ ಸೇರಿಸಿದೆವು.